ಮೊದಲು ಔಟಾಗುವ ಮಗು

ರಜೆ ಬಂತೆಂದರೆ ನಮ್ಮ ಸೊಸೈಟಿಗಳಲ್ಲಿ ಸ್ಕೇಟಿಂಗ್, ಕರಾಟೆ, ಈಜು ಎಂದು ಕ್ಲಾಸುಗಳ ಸಾಲು. ಒಳ್ಳೆಯದೇ. ಆದರೆ ಎದುರಿಗಿರುವವರು ಯಾವ ಕಡೆ ಹೊರಳುತ್ತಾರೆಂದು ನೋಡಿ ತನ್ನ ಮೈಯನ್ನು ಆ ಕ್ಷಣಕ್ಕೆ ಹೊಂದಿಸಿಕೊಳ್ಳುವುದನ್ನು ಪ್ರಾಥಮಿಕ ಶಾಲೆಯ ಮಗು ಚೆನ್ನಾಗಿ ಕಲಿಯುವುದು ಗುಂಪಿನ ಆಟದಲ್ಲೇ.

ಖೋ ಖೋ ಆಟವನ್ನೇ ನೋಡಿ. (2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಅದರ ಮೊದಲ ವಿಶ್ವಕಪ್ ಅನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ನಮ್ಮಲ್ಲಿ ಎಷ್ಟು ಮನೆಗಳ ಟೀವಿ ಅದನ್ನು ತೋರಿಸಿತೋ!) ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ, ಒಂಬತ್ತನೆಯವರು ಅಟ್ಟಿಸಿಕೊಂಡು ಹೋಗುತ್ತಾರೆ. ಬೆನ್ನಿಗೆ ಕೈ ತಗುಲಿ 'ಖೋ' ಕೇಳಿಸಿದೊಡನೆ ಎದ್ದು ಓಡಬೇಕು. ಕೂತವರ ಸಾಲನ್ನು ದಾಟುವಂತಿಲ್ಲ, ಕಂಬ ಮುಟ್ಟದೆ ಹಿಂತಿರುಗುವಂತಿಲ್ಲ. ಕಿವಿ, ಕಣ್ಣು, ಮಂಡಿ, ಪಾದ ಎಲ್ಲಕ್ಕೂ ಒಟ್ಟಿಗೇ ಕೆಲಸ. ಲಗೋರಿಯಲ್ಲಿ ಗುರಿಯಿಟ್ಟು ಎಸೆಯುವುದು ತೋಳು. ಚೆಂಡು ಬಂದು ಬಡಿಯುವ ಮೊದಲು ಕಲ್ಲಿನ ಮೇಲೆ ಕಲ್ಲು ಕೂರಿಸುವುದು ಬೆರಳು. ಪಕ್ಕದ ಮನೆಯ ಮರಾಠಿ ಮಕ್ಕಳಿಗೂ ಅದು ಲಗೋರಿಯೇ, ಭಾಷೆಯ ತೊಡಕೂ ಇಲ್ಲ.

ತೊಂದರೆ ಇರುವುದು ನಾವು ಆಡಿಸುವ ರೀತಿಯಲ್ಲಿ. ನಿಧಾನವಾಗಿ ಓಡುವ, ಚೆಂಡು ಹಿಡಿಯಲು ಬಾರದ ಮಗು ಮೊದಲು ಔಟಾಗುತ್ತದೆ. ಆಮೇಲೆ ಕಟ್ಟೆಯ ಮೇಲೆ ಕೂತು ಉಳಿದವರ ಆಟ ನೋಡುತ್ತದೆ. ಅಂದರೆ, ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಕಡಿಮೆ! ನಾಲ್ಕು ದಿನ ಹೀಗಾದರೆ 'ನಂಗೆ ಆಟ ಬೇಡ, ಮೊಬೈಲ್ ಕೊಡು' ಎನ್ನುತ್ತದೆ. ಅದನ್ನು ಸೋಮಾರಿ ಅನ್ನಬೇಡಿ.

ಆರೇಳು ವರ್ಷದವರಿಗೆ ಔಟ್ ಎಂಬುದೇ ಬೇಡ. ಸಿಕ್ಕಿಬಿದ್ದವರು ಎದುರಿನ ತಂಡ ಸೇರಲಿ, ಇಲ್ಲವೇ ಗೋಡೆ ಮುಟ್ಟಿ ಬಂದು ಮತ್ತೆ ಆಡಲಿ. ವೇಗವಾಗಿ ಬರುವ ಸಣ್ಣ ಚೆಂಡಿನ ದೂರ ಅಳೆಯುವುದು ಆ ವಯಸ್ಸಿನ ಕಣ್ಣಿಗೆ ಕಷ್ಟ. ದೊಡ್ಡ, ಮೆತ್ತನೆಯ ಚೆಂಡು ಕೊಡಿ. ತಂಡಕ್ಕೆ ನಾಲ್ಕೇ ಜನ ಸಾಕು, ಆಗ ಚೆಂಡು ಎಲ್ಲರ ಕೈಗೂ ಬರುತ್ತದೆ. ನಾಯಕರು ಒಬ್ಬೊಬ್ಬರನ್ನೇ ಆರಿಸುವ ಪದ್ಧತಿ ಬಿಟ್ಟು ಚೀಟಿ ಎತ್ತಿಸಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆಯ ವಾರದ ಒಂದೆರಡು ಪಿಟಿ ಪೀರಿಯಡ್‌ನಿಂದ ಅದು ತುಂಬುವುದಿಲ್ಲ. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ 'ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ' ಎಂಬ ಬೋರ್ಡಿನ ಮಾತೆತ್ತಿ. ಸಂಜೆ 5ರಿಂದ 6, ಒಂದೇ ಗಂಟೆ, ಹಿಂದಿನ ಅಂಗಳದಲ್ಲಿ ಕಾರುಗಳಿಲ್ಲದಿದ್ದರೆ ಸಾಕು.