ಹೊಸ ಬ್ರೌಸರಿನ ಮೊದಲ ನೋಟ

ಇಂಟರ್‌ನೆಟ್ಟಿನ ಪುಟಗಳನ್ನು ತಂದು ಕಂಪ್ಯೂಟರಿನ ಪರದೆಯ ಮೇಲೆ ತೋರಿಸುವ ತಂತ್ರಾಂಶವೇ ಬ್ರೌಸರ್. 2008ರ ಸೆಪ್ಟೆಂಬರ್ 2ರಂದು ಗೂಗಲ್ ಸಂಸ್ಥೆ ‘ಕ್ರೋಮ್’ ಎಂಬ ತನ್ನ ಬ್ರೌಸರನ್ನು ಹೊರತಂದಿತು. ಅದು ಪರೀಕ್ಷಾರ್ಥ ಆವೃತ್ತಿ. ವಿಂಡೋಸ್ ಇರುವ ಕಂಪ್ಯೂಟರುಗಳಿಗೆ ಮಾತ್ರ. ಆಗ ಬಹುಮಂದಿ ಬಳಸುತ್ತಿದ್ದುದು ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್.

ಕ್ರೋಮ್ ತೆರೆದವರ ಕಣ್ಣಿಗೆ ಮೊದಲು ಬಿದ್ದದ್ದು ಅದರಲ್ಲಿ ಇಲ್ಲದಿದ್ದ ಸಂಗತಿಗಳು! ನೆತ್ತಿಯ ಮೇಲೆ ಸಾಲುಸಾಲು ಮೆನುಗಳಿರಲಿಲ್ಲ. ವಿಳಾಸ ಬರೆಯಲು ಒಂದು, ಹುಡುಕಲು ಇನ್ನೊಂದು ಎಂದು ಎರಡು ಚೌಕಗಳಿರಲಿಲ್ಲ; ಎರಡಕ್ಕೂ ಒಂದೇ. ನಂತರ ಗಮನ ಸೆಳೆದದ್ದು ವೇಗ. ಪುಟಗಳೊಳಗಿನ ಜಾವಾಸ್ಕ್ರಿಪ್ಟ್ ಆದೇಶಗಳನ್ನು ಚುರುಕಾಗಿ ನಡೆಸಲು ‘ವಿ8’ ಎಂಬ ಹೊಸ ಎಂಜಿನ್ ಅದರಲ್ಲಿತ್ತು. ಪ್ರತಿ ಟ್ಯಾಬ್ ಬಹುಮಟ್ಟಿಗೆ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದುದರಿಂದ ಒಂದು ಪುಟ ಕೆಟ್ಟು ನಿಂತರೂ ಉಳಿದವು ನಡೆಯುತ್ತಿದ್ದವು. ಒಂದು ಕೋಣೆಯ ಫ್ಯೂಸ್ ಹೋದರೆ ಇಡೀ ಮನೆ ಕತ್ತಲಾಗದಂತೆ ಈ ಏರ್ಪಾಟು. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಹೆಚ್ಚು ಮೆಮೊರಿ.

ಆದರೆ ಮೊದಲ ನೋಟಕ್ಕೆ ಹಲವರನ್ನು ಏಮಾರಿಸಿದ ಸೌಲಭ್ಯವೊಂದಿತ್ತು. ಅದೇ ‘ಇನ್‌ಕಾಗ್ನಿಟೊ’, ಅಂದರೆ ಗುರುತು ಮರೆಸಿಕೊಂಡು ತಿರುಗುವುದು. ಟೋಪಿ, ಕಪ್ಪು ಕನ್ನಡಕದ ಗೂಢಚಾರನ ಚಿತ್ರ ಕಂಡವರು ತಾವು ಯಾರಿಗೂ ಕಾಣುವುದಿಲ್ಲ ಎಂದುಕೊಂಡರು. ವಾಸ್ತವವೇ ಬೇರೆ. ಕಿಟಕಿ ಮುಚ್ಚಿದ ಮೇಲೆ ನೋಡಿದ ಪುಟಗಳ ಪಟ್ಟಿ ಆ ಕಂಪ್ಯೂಟರಿನ ಬ್ರೌಸರಿನಲ್ಲಿ ಉಳಿಯುವುದಿಲ್ಲ, ಅಷ್ಟೆ. ಇಳಿಸಿಕೊಂಡ ಕಡತಗಳು ಅಲ್ಲಿಯೇ ಇರುತ್ತವೆ. ಭೇಟಿ ಕೊಟ್ಟ ವೆಬ್‌ಸೈಟಿಗೆ, ಇಂಟರ್‌ನೆಟ್ ಸಂಪರ್ಕ ಕೊಟ್ಟ ಕಂಪನಿಗೆ, ಶಾಲೆ-ಕಚೇರಿಗಳ ಜಾಲ ನೋಡಿಕೊಳ್ಳುವವರಿಗೆ ಸುಳಿವು ಸಿಗಬಲ್ಲದು. ಕ್ರೋಮಿನ ಮೊದಲ ಆವೃತ್ತಿಯೇ ಈ ಎಚ್ಚರಿಕೆ ಕೊಟ್ಟು, ಬೆನ್ನ ಹಿಂದೆ ನಿಂತವರ ಬಗ್ಗೆಯೂ ಜಾಗ್ರತೆಯಿರಲಿ ಎಂದು ತಮಾಷೆ ಮಾಡಿತ್ತು. ಓದಿದವರು ಎಷ್ಟು ಮಂದಿ?

ಈ ವಿಷಯ ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಇನ್‌ಕಾಗ್ನಿಟೊದಲ್ಲಿ ಇದ್ದಾಗಲೂ ತಮ್ಮ ಮಾಹಿತಿ ಸಂಗ್ರಹವಾಗುತ್ತಿದೆ ಎಂದು ಬಳಕೆದಾರರು 2020ರಲ್ಲಿ ಅಮೆರಿಕದಲ್ಲಿ ಗೂಗಲ್ ವಿರುದ್ಧ ದಾವೆ ಹೂಡಿದರು. 2024ರಲ್ಲಿ ರಾಜಿಯಾಗಿ, ಅಂಥ ಅಪಾರ ದಾಖಲೆಗಳನ್ನು ಅಳಿಸಲು ಸಂಸ್ಥೆ ಒಪ್ಪಿತು.

ಹಾಗಾದರೆ ಇದು ನಿರುಪಯೋಗಿಯೆ? ಖಂಡಿತ ಅಲ್ಲ. ಸೈಬರ್ ಕೇಂದ್ರದಲ್ಲಿ ಕಾಲೇಜಿನ ಅರ್ಜಿ ತುಂಬುವ ವಿದ್ಯಾರ್ಥಿ ಇದನ್ನು ಬಳಸಿ, ಇಳಿಸಿಕೊಂಡ ಕಡತಗಳನ್ನು ಅಳಿಸಿ, ಕಿಟಕಿಗಳನ್ನೆಲ್ಲ ಮುಚ್ಚಿ ಎದ್ದರೆ ಮುಂದೆ ಬಂದು ಕೂರುವವರಿಗೆ ಆತನ ಖಾತೆ ತೆರೆದು ಸಿಗುವುದಿಲ್ಲ. ಪಾಲಕರಿಗೂ ಒಂದು ಮಾತು: ಬ್ರೌಸರಿನ ಪಟ್ಟಿ ಖಾಲಿಯಿದ್ದ ಮಾತ್ರಕ್ಕೆ ಮಕ್ಕಳು ಏನನ್ನೂ ನೋಡಿಲ್ಲವೆಂದಲ್ಲ. ಪಟ್ಟಿ ಹುಡುಕುವುದಕ್ಕಿಂತ ಮಕ್ಕಳ ಜೊತೆ ಕುಳಿತು ಮಾತನಾಡುವುದು ಲೇಸು.