ಶಿಕ್ಷೆ ಮುಗಿಸಿ ಬರುವವನ ಮನಸ್ಸನ್ನು ಅಳೆಯುವವರು ಯಾರು?

2018ರ ಆಗಸ್ಟ್ 1ರಂದು ಮಾಲೂರಿನಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಬಾಲಕಿಯ ಕೊಲೆಯಾಯಿತು. ಲೈಂಗಿಕ ದೌರ್ಜನ್ಯಕ್ಕೆ ಯತ್ನಿಸಿ ಕೊಂದವನಿಗೆ ಕೋಲಾರದ ನ್ಯಾಯಾಲಯ ಎರಡು ತಿಂಗಳು ತುಂಬುವ ಮೊದಲೇ ಮರಣದಂಡನೆ ವಿಧಿಸಿತು. ಜನ ಅದರಲ್ಲಿ ಸಮಾಧಾನ ಕಂಡಿದ್ದು ಸಹಜ. ಆದರೆ ಅಷ್ಟು ವೇಗದ ವಿಚಾರಣೆಯಲ್ಲಿ ಅಪರಾಧಿಯ ಮನಸ್ಸನ್ನು ತಜ್ಞರು ಕೂಲಂಕಷವಾಗಿ ಪರಿಶೀಲಿಸಲು ಬಿಡುವಾದರೂ ಎಲ್ಲಿರುತ್ತದೆ?

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮನೋಜ್ ಪ್ರಕರಣದಲ್ಲಿ, ಗಲ್ಲು ಶಿಕ್ಷೆಯ ಸಾಧ್ಯತೆ ಇರುವಲ್ಲಿ ಅಪರಾಧಿಯ ಮನೋವೈದ್ಯಕೀಯ ಮತ್ತು ಮನಃಶಾಸ್ತ್ರೀಯ ವರದಿಯನ್ನು ನ್ಯಾಯಾಲಯದ ಮುಂದಿಡಬೇಕೆಂದು ಹೇಳಿತು. ಒಳ್ಳೆಯ ನಿರ್ದೇಶನ. ಆದರೆ ಪೋಕ್ಸೊ ಕಾಯ್ದೆಯಡಿ ಮೂರೋ ಐದೋ ಹತ್ತೋ ವರ್ಷ ಜೈಲಿಗೆ ಹೋದವನು ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ಗಲ್ಲಿಗೆ ಹೋಗಬಹುದಾದವನ ಮನಸ್ಸನ್ನು ನೋಡುತ್ತೇವೆ. ನಾಳೆ ಮುಳಬಾಗಿಲಿನ ಬೀದಿಗೋ ಶ್ರೀನಿವಾಸಪುರದ ತೋಟಕ್ಕೋ ಮರಳುವವನನ್ನು ನೋಡದೆ ಕಳಿಸುತ್ತೇವೆ. ನನ್ನ ಆತಂಕ ಇದೇ.

ಮಗುವಿನ ಮೇಲೆ ಕೈ ಹಾಕಿದವರೆಲ್ಲ ಒಂದೇ ಬಗೆಯವರಲ್ಲ. ಪೀಡೊಫಿಲಿಯಾ ಎಂಬುದು ವೈದ್ಯಕೀಯ ರೋಗನಿರ್ಣಯ. ದೌರ್ಜನ್ಯ ಕಾನೂನಿನ ಅಪರಾಧ. ಎಳೆಯ ಮಕ್ಕಳತ್ತ ಸ್ಥಿರವಾದ ಲೈಂಗಿಕ ಸೆಳೆತ ಇರುವವರು ಅಪರಾಧಿಗಳಲ್ಲಿ ಒಂದು ಭಾಗ ಮಾತ್ರ. ಉಳಿದವರಲ್ಲಿ ಅಧಿಕಾರದ ದುರ್ಬಳಕೆ, ಕುಡಿತ, ಕಾನೂನಿಗೆ ಅಂಜದ ಸ್ವಭಾವ, ಕೈಗೆ ಸಿಕ್ಕ ಅವಕಾಶ ಕೆಲಸ ಮಾಡಿರುತ್ತವೆ. ಕೆನಡಾದ ಸಂಶೋಧಕ ಕಾರ್ಲ್ ಹ್ಯಾನ್ಸನ್ ಮತ್ತು ಸಹೋದ್ಯೋಗಿ 2005ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಮರುಅಪರಾಧವನ್ನು ಹೆಚ್ಚು ಸೂಚಿಸಿದ್ದು ಎರಡು ಸಂಗತಿಗಳು: ವಿಕೃತ ಲೈಂಗಿಕ ಆಸಕ್ತಿ ಮತ್ತು ಸಮಾಜವಿರೋಧಿ ಪ್ರವೃತ್ತಿ. ತಪ್ಪನ್ನು ನಿರಾಕರಿಸುವುದು, ಮಗುವಿನ ಬಗ್ಗೆ ಮರುಕ ಇಲ್ಲದಿರುವುದು ಅಷ್ಟಾಗಿ ಏನನ್ನೂ ಸೂಚಿಸಲಿಲ್ಲ. ಕಟಕಟೆಯಲ್ಲಿ ಅತ್ತವನನ್ನು ಬದಲಾದವನೆಂದು ನಂಬುವ ನಮ್ಮ ರೂಢಿಗೆ ಇದು ದೊಡ್ಡ ಪೆಟ್ಟು.

ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರಕರಣವನ್ನೂ ನೋಡಿ. ಬಾಲಕಿಯರು ಬಟ್ಟೆ ಬದಲಿಸುವುದನ್ನು ಗುಟ್ಟಾಗಿ ಚಿತ್ರೀಕರಿಸಿದ ಆರೋಪ ಅಲ್ಲಿನ ಶಿಕ್ಷಕನ ಮೇಲಿದೆ. ಐದು ಮೊಬೈಲ್‌ಗಳಲ್ಲಿ ಸಾವಿರಾರು ಚಿತ್ರಗಳಿದ್ದವೆಂಬ ಅಂಶವನ್ನು ಗಮನಿಸಿದ ಹೈಕೋರ್ಟ್ 2024ರಲ್ಲಿ ಪ್ರಕರಣ ರದ್ದುಪಡಿಸಲು ನಿರಾಕರಿಸಿತು. ಆರೋಪ ಸಾಬೀತಾಗುವುದೋ ಇಲ್ಲವೋ, ಅದನ್ನು ವಿಚಾರಣೆ ನಿರ್ಧರಿಸಲಿ. ಅಮೆರಿಕದ ಸಂಶೋಧಕ ಡೇವಿಡ್ ಫಿಂಕೆಲ್‌ಹಾರ್ 1984ರಲ್ಲೇ ಹೇಳಿದ್ದು ಮಾತ್ರ ಇಲ್ಲಿ ನೆನಪಿಡಬೇಕು: ಬಯಕೆಯೊಂದೇ ಸಾಲದು, ತನ್ನೊಳಗಿನ ಅಳುಕನ್ನು, ಸುತ್ತಲಿನವರ ಕಾವಲನ್ನು, ಕೊನೆಗೆ ಮಗುವಿನ ಪ್ರತಿರೋಧವನ್ನು ದಾಟಿದಾಗಲೇ ಅಪರಾಧ ನಡೆಯುತ್ತದೆ. ಹೆತ್ತವರಿಂದ ದೂರವಿರುವ ಹಾಸ್ಟೆಲ್ ಮಕ್ಕಳಿಗೆ ಸುತ್ತಲಿನ ಕಾವಲೆಂದರೆ ವ್ಯವಸ್ಥೆಯೇ. ಅದು ಇಲ್ಲದ ಕಡೆ ಅಪರಾಧಿ ದಾಟಬೇಕಾದ ತಡೆಯೊಂದನ್ನು ನಾವೇ ಕಿತ್ತುಹಾಕಿರುತ್ತೇವೆ.

ಅಪರಾಧಿಯ ಮನಸ್ಸಿನ ಮೌಲ್ಯಮಾಪನ ಎಂದರೆ ಅವನ ಮೇಲೆ ಕನಿಕರ ಎಂದು ಸಿಟ್ಟಾಗುವವರಿದ್ದಾರೆ. ಅವರ ನೋವು ಅರ್ಥವಾಗುತ್ತದೆ. ಆದರೆ ಇದು ಶಿಕ್ಷೆಯನ್ನು ಕಡಿಮೆ ಮಾಡುವ ದಾರಿಯಲ್ಲ, ತಪ್ಪನ್ನು ಸಾಬೀತುಪಡಿಸುವ ಸಾಧನವೂ ಅಲ್ಲ. ಒಪ್ಪಿಗೆಯಿಲ್ಲದೆ ನಾರ್ಕೊ, ಪಾಲಿಗ್ರಾಫ್ ಪರೀಕ್ಷೆ ಸಲ್ಲದೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ. ನಾನು ಕೇಳುತ್ತಿರುವುದು ಶಿಕ್ಷೆಯಾದ ಮೇಲಿನ ಪರಿಶೀಲನೆ. ಯಾರಿಂದ ಅಪಾಯ ಹೆಚ್ಚು, ಯಾರಿಗೆ ಚಿಕಿತ್ಸೆ, ಯಾರ ಮೇಲೆ ಹೊರಬಂದ ನಂತರವೂ ನಿಗಾ ಎಂಬುದು ಅದರಿಂದ ತಿಳಿಯಬೇಕು. ಹ್ಯಾನ್ಸನ್ ಮತ್ತು ಡೇವಿಡ್ ಥಾರ್ನ್‌ಟನ್ ರೂಪಿಸಿದ, ಮರುಅಪರಾಧದ ಅಪಾಯವನ್ನು ಅಳೆಯುವ ಸ್ಟ್ಯಾಟಿಕ್-99ರಂಥ ಅಳತೆಗೋಲುಗಳನ್ನು ಹಾಗೇ ತಂದು ಹಚ್ಚುವಂತಿಲ್ಲ. ಅವು ಪಾಶ್ಚಾತ್ಯ ಜೈಲುಗಳ ದಾಖಲೆಗಳ ಮೇಲೆ ನಿಂತವು. ದೂರೇ ದಾಖಲಾಗದ ನಮ್ಮ ಹಳ್ಳಿಗಳಲ್ಲಿ ಹಿಂದಿನ ಅಪರಾಧದ ಲೆಕ್ಕವೇ ತಪ್ಪಿರುತ್ತದೆ.

ನಮ್ಮ ಜೈಲುಗಳಿಗೆ ಒಗ್ಗುವ ಅಳತೆಗೋಲು ಇಲ್ಲೇ ಹುಟ್ಟಬೇಕು. ಬೆಂಗಳೂರಿನ ನಿಮ್ಹಾನ್ಸ್ ಕೋಲಾರದಿಂದ ಒಂದೆರಡು ಗಂಟೆಯ ದಾರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರು, ಕಾರಾಗೃಹ ಇಲಾಖೆ, ನಿಮ್ಹಾನ್ಸ್ ಮೂವರೂ ಒಟ್ಟಾಗಿ ಈ ಜಿಲ್ಲೆಯ ಪೋಕ್ಸೊ ಅಪರಾಧಿಗಳಿಂದಲೇ ಅಧ್ಯಯನ ಆರಂಭಿಸಬಹುದು. ಬಿಡುಗಡೆಗೆ ಆರು ತಿಂಗಳ ಮೊದಲು ಪ್ರತಿಯೊಬ್ಬನ ವರದಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೈ ಸೇರುವಂತೆ ಸರ್ಕಾರ ನಿಯಮ ರೂಪಿಸಬೇಕು, ಅದಕ್ಕೆ ಹಣವನ್ನೂ ಇಡಬೇಕು.