ಪ್ರೊಬೇಟ್ ಕಡ್ಡಾಯ ಹೋಯಿತು, ಉಯಿಲಿನ ಹೊಣೆ ಹೆಚ್ಚಿತು

ಊರಿನಲ್ಲಿ ಉತ್ತರಕ್ರಿಯೆ ಮುಗಿಸಿ ಮುಂಬಯಿಗೆ ಮರಳಿದ ಕುಟುಂಬ ಮೊದಲು ಹೋಗಿ ನಿಲ್ಲುವುದು ಹೌಸಿಂಗ್ ಸೊಸೈಟಿಯ ಕಚೇರಿಯೆದುರು. ಫ್ಲ್ಯಾಟ್ ತಂದೆಯ ಹೆಸರಿನಲ್ಲಿದೆ, ಉಯಿಲೂ ಇದೆ. ಆದರೆ ಸೆಕ್ರೆಟರಿಯ ಪ್ರಶ್ನೆ ಒಂದೇ: ‘ಪ್ರೊಬೇಟ್ ಎಲ್ಲಿದೆ?’ ದಶಕಗಳಿಂದ ಈ ನಗರದಲ್ಲಿ ಕೇಳಿಬರುತ್ತಿರುವ ಈ ಪ್ರಶ್ನೆಗೆ ಹಿಂದಿನ ಕಾನೂನಿನ ಬಲ ಈಗಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯಿದೆಯು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 213ನೇ ಕಲಮನ್ನು ತೆಗೆದುಹಾಕಿದೆ.

ಉಯಿಲು ಅಸಲಿಯೇ ಎಂದು ನ್ಯಾಯಾಲಯ ಪರಿಶೀಲಿಸಿ ಕೊಡುವ ಪ್ರಮಾಣವೇ ಪ್ರೊಬೇಟ್. ಬ್ರಿಟಿಷರ ಕಾಲದ ಪ್ರೆಸಿಡೆನ್ಸಿ ಪಟ್ಟಣಗಳಾದ ಮುಂಬಯಿ, ಚೆನ್ನೈ, ಕೋಲ್ಕತಾಗಳಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರು ಬರೆದ ಅಥವಾ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ಉಯಿಲುಗಳಿಗೆ ಇದು ಕಡ್ಡಾಯವಾಗಿತ್ತು. ಮುಲುಂಡಿನ ಫ್ಲ್ಯಾಟಿಗೆ ಬೇಕು. ಚೆಕ್‌ನಾಕಾ ದಾಟಿ ಥಾಣೆಯಲ್ಲಿ ಮನೆ ಮಾಡಿ ಅಲ್ಲೇ ಉಯಿಲು ಬರೆದವರಿಗೆ ಬೇಡ! ಪುಣೆ, ಬೆಂಗಳೂರಿನವರಿಗೂ ಈ ಕಟ್ಟು ಇರಲಿಲ್ಲ. ಇಂಥ ತಾರತಮ್ಯ ಹೋದದ್ದು ಒಳ್ಳೆಯದೇ.

ಆದರೆ ‘ಇನ್ನು ಕೋರ್ಟಿನ ಗೊಡವೆಯಿಲ್ಲ’ ಎಂದು ನಮ್ಮವರು ನಿರಾಳರಾಗುವಂತಿಲ್ಲ. ಹೋಗಿರುವುದು ಕಡ್ಡಾಯ ಮಾತ್ರ; ಪ್ರೊಬೇಟ್ ಪಡೆಯುವ ದಾರಿ ತೆರೆದೇ ಇದೆ. ಮಕ್ಕಳಲ್ಲಿ ಒಬ್ಬರು ತಕರಾರು ತೆಗೆದರೂ ಉಯಿಲನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಲೇಬೇಕು. ಹಿಂದೆ ಆಸ್ತಿ ಕೈಸೇರುವ ಮೊದಲೇ ಆಗುತ್ತಿದ್ದ ಪರೀಕ್ಷೆ ಇನ್ನು ಜಗಳ ಎದ್ದ ಮೇಲೆ ಆಗಬಹುದು. ಆದ್ದರಿಂದ ಬರೆಯುವಾಗಲೇ ಉಯಿಲು ಗಟ್ಟಿಯಾಗಿರಬೇಕಾದದ್ದು ಈಗ ಮೊದಲಿಗಿಂತ ಹೆಚ್ಚು ಮುಖ್ಯ. ಈಗಾಗಲೇ ಹೈಕೋರ್ಟಿನಲ್ಲಿ ಅರ್ಜಿ ಹಾಕಿದವರು ವಕೀಲರನ್ನು ಕೇಳದೆ ಹಿಂತೆಗೆದುಕೊಳ್ಳುವ ಆತುರ ಮಾಡಬಾರದು.

ನಮ್ಮವರು ಸಾಮಾನ್ಯವಾಗಿ ಎಡವುವುದು ಸಾಕ್ಷಿಗಳ ವಿಷಯದಲ್ಲಿ. ಸಾದಾ ಕಾಗದದಲ್ಲಿ ಬರೆದರೂ ಉಯಿಲು ಊರ್ಜಿತ, ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಮುಂದೆ ವ್ಯಾಜ್ಯವಾದರೆ, ಬದುಕಿದ್ದು ಸಿಗುವಂತಿದ್ದರೆ, ಅವರಲ್ಲಿ ಒಬ್ಬರಾದರೂ ಬಂದು ಹೇಳಿಕೆ ಕೊಡಬೇಕು. ಎಪ್ಪತ್ತೈದರ ಹಿರಿಯರು ತಮ್ಮದೇ ವಯಸ್ಸಿನ ಸಂಘದ ಗೆಳೆಯರಿಬ್ಬರ ಸಹಿ ಹಾಕಿಸುತ್ತಾರೆ. ಹತ್ತು ವರ್ಷಗಳ ನಂತರ ಒಬ್ಬರು ಕಾಲವಾಗಿರುತ್ತಾರೆ, ಇನ್ನೊಬ್ಬರು ಊರು ಸೇರಿ ಯಾರ ಗುರುತೂ ಹಿಡಿಯದ ಸ್ಥಿತಿಯಲ್ಲಿರುತ್ತಾರೆ. ಉಯಿಲಿನಲ್ಲಿ ಪಾಲಿಲ್ಲದ, ವಯಸ್ಸಿನಲ್ಲಿ ಕಿರಿಯರಾದ, ಇಲ್ಲೇ ನೆಲೆಸಿರುವ ಇಬ್ಬರನ್ನು ಆರಿಸಿಕೊಳ್ಳುವುದು ಜಾಣತನ. ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಆದರೆ ಇಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದಾದರೆ, ಅಧಿಕಾರಿಗೆ ಭಾಷೆ ತಿಳಿಯದಿದ್ದಲ್ಲಿ ಭಾಷಾಂತರವನ್ನೂ ಲಗತ್ತಿಸಬೇಕಾಗುತ್ತದೆ.

‘ನಾಮಿನೇಷನ್ ಮಾಡಿದ್ದೇನೆ, ಉಯಿಲು ಯಾಕೆ?’ ಎನ್ನುವವರು ಬಹಳ. ನಾಮಿನಿ ಸಾಮಾನ್ಯವಾಗಿ ವಾರಸುದಾರರ ಪರವಾಗಿ ಸ್ವೀಕರಿಸುವವನೇ ಹೊರತು ಒಡೆಯನಲ್ಲ. ಶೇರು, ಮ್ಯೂಚುವಲ್ ಫಂಡುಗಳ ಬಗ್ಗೆ ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯೂ ವಾರಸುದಾರರು ಸೇರಿಕೊಳ್ಳುವ ತನಕ ನಾಮಿನಿಯನ್ನು ತಾತ್ಕಾಲಿಕ ಸದಸ್ಯನೆಂದಷ್ಟೇ ಕಾಣುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿಗಳನ್ನು ಹೆಸರಿಸಬಹುದು. ಅನುಕೂಲವೇ ಸರಿ, ಉಯಿಲಿಗೆ ಬದಲಿಯಲ್ಲ.

ಇನ್ನು ದುಡಿಯುವ ಹೆಣ್ಣುಮಕ್ಕಳ ವಿಷಯ. ಮಕ್ಕಳಿಲ್ಲದ ಹಿಂದೂ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ಸ್ವತಃ ದುಡಿದು ಕೊಂಡ ಮನೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೇ ಕಲಮಿನಂತೆ ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಾಯಿ ಬದುಕಿದ್ದು ಅದೇ ಮನೆಯಲ್ಲಿದ್ದರೂ ಆಕೆಯ ಸರದಿ ನಂತರವೇ. ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2025ರ ನವೆಂಬರ್‌ನಲ್ಲಿ ಮಹಿಳೆಯರು, ಅದರಲ್ಲೂ ಹಿಂದೂ ಮಹಿಳೆಯರು, ಉಯಿಲು ಬರೆದಿಡಬೇಕೆಂದು ಕೋರಿದ್ದು ಇಂಥ ಹಿನ್ನೆಲೆಯಲ್ಲೇ. ಸಂಘಗಳ ಮಹಿಳಾ ವಿಭಾಗಗಳು ಇದನ್ನು ಗಮನಿಸಬೇಕು.

ಊರಿನ ಆಸ್ತಿಯ ಕತೆ ಬೇರೆ. ಮುಂಬಯಿಯ ಫ್ಲ್ಯಾಟನ್ನು ವಿವರವಾಗಿ ಬರೆದು, ‘ಊರಿನ ಆಸ್ತಿ ಮಕ್ಕಳಿಗೆ ಸಮಪಾಲು’ ಎಂದು ಒಂದೇ ಗೆರೆಯಲ್ಲಿ ಮುಗಿಸುವವರಿದ್ದಾರೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಗದ್ದೆ ಯಾವುದು, ಗಡಿ ಎಲ್ಲಿ ಎಂಬುದೇ ತಿಳಿಯದು. ಸರ್ವೆ ನಂಬರು, ಗ್ರಾಮ, ವಿಸ್ತೀರ್ಣ ಬರೆದು ಪಹಣಿಯ ಪ್ರತಿ ಜತೆಗಿಟ್ಟರೆ ಮಾತ್ರ ಖಾತೆ ಬದಲಾವಣೆಗೆ ಅಲೆಯುವುದು ತಪ್ಪೀತು. ಅಳಿಯಸಂತಾನದ ಕುಟುಂಬ ಅಥವಾ ಕವರಿನ ಆಸ್ತಿಯಲ್ಲಿ ತಮಗಿರುವ ಹಕ್ಕನ್ನು ಉಯಿಲು ಮಾಡಲು ಅದೇ ಕಾಯಿದೆಯ 30ನೇ ಕಲಮು ಅವಕಾಶ ಕೊಡುತ್ತದೆ. ಹಾಗೆಂದು ಪಾಲಾಗದ ತರವಾಡು ಮನೆಯನ್ನೇ ಒಬ್ಬರು ಬರೆದಿಡುವಂತಿಲ್ಲ.

ವೈದ್ಯಕೀಯ ಶಿಬಿರ ನಡೆಸುವ ನಮ್ಮ ಸಂಘಗಳು ವರ್ಷಕ್ಕೊಂದು ಭಾನುವಾರವನ್ನು ಇದಕ್ಕೂ ಮೀಸಲಿಟ್ಟು, ಮಹಾರಾಷ್ಟ್ರದ ಸೊಸೈಟಿ ಕಾನೂನು ಮತ್ತು ಕರ್ನಾಟಕದ ಭೂದಾಖಲೆ ಎರಡನ್ನೂ ಬಲ್ಲ ವಕೀಲರನ್ನು ಕರೆಸಬಹುದು. ಶಿಬಿರಕ್ಕೆ ಬರುವವರು ಫ್ಲ್ಯಾಟಿನ ಶೇರು ಸರ್ಟಿಫಿಕೇಟಿನ ಜತೆ ಊರಿನ ಪಹಣಿಯನ್ನೂ ತರಲಿ.